ಗಾಳಿಯಲ್ಲಿ ಹೋಗುವ ಮಾತಿಗೂ ಕರೆಂಟು ಬೇಕು

ಚಿಕ್ಕಬಳ್ಳಾಪುರಕ್ಕೆ 08156, ಗೌರಿಬಿದನೂರಿಗೆ 08155, ಚಿಂತಾಮಣಿಗೆ 08154, ಶಿಡ್ಲಘಟ್ಟಕ್ಕೆ 08158. ಎಸ್‌ಟಿಡಿ ಬೂತುಗಳ ಕಾಲದಲ್ಲಿ, ಬೆಂಗಳೂರಿನ ಹಾಸ್ಟೆಲುಗಳಲ್ಲಿದ್ದ ಈ ಭಾಗದ ಹುಡುಗರಿಗೆ ತಮ್ಮೂರಿನ ಅಂಕಿ ಮಗ್ಗಿಯಷ್ಟೇ ಬಾಯಿಪಾಠ. ರಾತ್ರಿ ದರ ಇಳಿಯುವವರೆಗೆ ಕಾದು, ಮೀಟರಿನ ಮೇಲೆ ಕಣ್ಣಿಟ್ಟು, "ಚೆನ್ನಾಗಿದ್ದೀನಮ್ಮಾ, ದುಡ್ಡು ಕಳಿಸು" ಎಂದು ಮಾತು ಮುಗಿಸುತ್ತಿದ್ದರು.

ಈಗ ಮನೆಯ ವೈಫೈ ಮೂಲಕವೇ ಕರೆ ಹೋಗುತ್ತದೆ. ಭಾರತದಲ್ಲಿ ಇಂಟರ್‌ನೆಟ್ ದೂರವಾಣಿಗೆ ಅನುಮತಿ ಸಿಕ್ಕಿದ್ದು 2002ರ ಏಪ್ರಿಲ್ 1ರಂದು. ಆಗ ಕಂಪ್ಯೂಟರಿನ ಮುಂದೆ ಕೂತು ಮಾತನಾಡಬೇಕಿತ್ತು. ದೇಶದೊಳಗಿನ ಸಾಮಾನ್ಯ ಫೋನುಗಳಿಗೆ ಕರೆ ಮಾಡುವಂತಿರಲಿಲ್ಲ. 2019ರ ಡಿಸೆಂಬರಿನಲ್ಲಿ ಏರ್‌ಟೆಲ್, 2020ರ ಜನವರಿಯಲ್ಲಿ ಜಿಯೋ, ಮಾಮೂಲಿ ಮೊಬೈಲ್ ಸಂಖ್ಯೆಯಿಂದಲೇ ವೈಫೈ ಕರೆ ಮಾಡುವ ಸೌಲಭ್ಯ ಕೊಟ್ಟವು. ಟವರಿನ ಸಿಗ್ನಲ್ ಒಳಕೋಣೆಗೆ ತಲುಪದ ಮನೆಗಳಿಗೆ ಇದು ವರವಾಯಿತು.

ಮಾತು ಹೋಗುವುದಾದರೂ ಹೇಗೆ? ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನಿಂದ ನೂಲು ಬಿಚ್ಚುವವರು ಎಳೆ ತುಂಡಾಗದಂತೆ ನೋಡಿಕೊಳ್ಳುತ್ತಾರೆ. ಇಲ್ಲಿ ಅದಕ್ಕೆ ತದ್ವಿರುದ್ಧ. ಬಳಕೆಯಲ್ಲಿರುವ ಒಂದು ಕ್ರಮದಲ್ಲಿ ದನಿಯನ್ನು ಸೆಕೆಂಡಿಗೆ 8,000 ಬಾರಿ ಅಳೆದು ಅಂಕಿಗಳಾಗಿ ಮಾಡುತ್ತಾರೆ. ಆ ಅಂಕಿಗಳನ್ನು ಸೆಕೆಂಡಿಗೆ 50 ಪೊಟ್ಟಣಗಳಾಗಿ ಕಟ್ಟಿ, ಪ್ರತಿಯೊಂದಕ್ಕೂ ವಿಳಾಸ ಮತ್ತು ಕ್ರಮಸಂಖ್ಯೆ ಹಚ್ಚಿ ಕಳಿಸುತ್ತಾರೆ. ಆ ಕಡೆಯ ಫೋನು ಅವನ್ನು ಸಾಲಾಗಿ ಜೋಡಿಸಿ ಮತ್ತೆ ದನಿ ಮಾಡುತ್ತದೆ. ತಡವಾಗಿ ಬಂದ ಪೊಟ್ಟಣ ಉಪಯೋಗಕ್ಕೆ ಬಾರದು. ಮಾತು ತುಂಡಾಗಿ ಕೇಳಿಸುವುದು ಇದರಿಂದಲೇ. ಇಡೀ ಪಯಣಕ್ಕೆ ಸೆಕೆಂಡಿನ ಏಳನೆಯ ಒಂದು ಭಾಗದಷ್ಟು ಸಮಯ ಹಿಡಿದರೆ ಕಿವಿಗೆ ತಿಳಿಯುವುದಿಲ್ಲ. ಅದಕ್ಕಿಂತ ಬಹಳ ಹೆಚ್ಚಾದರೆ ಇಬ್ಬರೂ ಒಟ್ಟಿಗೆ ಮಾತನಾಡಿ, ಇಬ್ಬರೂ ಒಟ್ಟಿಗೆ ಸುಮ್ಮನಾಗುತ್ತಾರೆ.

ಆದರೆ ಮರೆಯಬಾರದ ಸಂಗತಿ ಬೇರೆಯೇ ಇದೆ. ನಿಸ್ತಂತು ಎಂದರೂ ತಂತಿಯಿಲ್ಲದ ದಾರಿ ಫೋನಿನಿಂದ ಮನೆಯ ರೂಟರಿನವರೆಗೆ ಮಾತ್ರ. ಹಳೆಯ ತಂತಿ ಫೋನಿಗೆ ಬೇಕಾದ ವಿದ್ಯುತ್ತು ಸುಮಾರು 48 ವೋಲ್ಟ್ ಒತ್ತಡದಲ್ಲಿ ಎಕ್ಸ್‌ಚೇಂಜಿನ ಬ್ಯಾಟರಿಗಳಿಂದ ಅದೇ ತಂತಿಯಲ್ಲಿ ಬರುತ್ತಿತ್ತು. ಊರೆಲ್ಲ ಕತ್ತಲಾದರೂ ಫೋನು ಜೀವಂತ. ಈಗಿನ ರೂಟರ್ ಗೋಡೆಯ ಪ್ಲಗ್ಗನ್ನು ನಂಬಿದೆ. ಕರೆಂಟು ಹೋದರೆ ಕೈಯಲ್ಲಿರುವ ಫೋನಿನ ಬ್ಯಾಟರಿ ತುಂಬಿದ್ದರೂ ವೈಫೈ ಕರೆ ಇಲ್ಲ. ಮಕ್ಕಳು ಓದಲು ಹೋಗಿ, ಮನೆಯಲ್ಲಿ ಅಜ್ಜ ಅಜ್ಜಿ ಇಬ್ಬರೇ ಉಳಿದಿರುವಾಗ, ಮಧ್ಯರಾತ್ರಿ ಎದೆನೋವು ಬಂದರೆ ಈ ಸಣ್ಣ ವ್ಯತ್ಯಾಸವೇ ದೊಡ್ಡದಾಗುತ್ತದೆ.

ಇದಕ್ಕೆ ಉಪಾಯ ಕಷ್ಟದ್ದೇನಲ್ಲ. ರೂಟರಿಗೂ, ಬೇರೆಯಾಗಿದ್ದರೆ ಫೈಬರ್ ಪೆಟ್ಟಿಗೆಗೂ, ಪುಟ್ಟ ಯುಪಿಎಸ್ ಜೋಡಿಸಬಹುದು. ಅಷ್ಟಾದರೂ ಬೀದಿಯಲ್ಲಿನ ಸಂಪರ್ಕ ಕೈಕೊಡಬಹುದು. ಆದ್ದರಿಂದ ಎರಡನೆಯ ದಾರಿಯೂ ಗೊತ್ತಿರಬೇಕು.

ರಜೆಗೆ ಊರಿಗೆ ಬಂದ ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಬಹುದು. ಹಗಲಿನಲ್ಲೇ ರೂಟರ್ ಆರಿಸಿ, ಫೋನು ಹಿಡಿದು ಮನೆಯೆಲ್ಲ ಸುತ್ತಾಡಿ. ಟವರಿನ ಸಿಗ್ನಲ್ ಎಲ್ಲಿ ಸಿಗುತ್ತದೆ? ಕಿಟಕಿಯ ಬಳಿಯೋ, ಜಗುಲಿಯಲ್ಲೋ, ಮಹಡಿಯ ಮೇಲೋ? ಆ ಜಾಗದಿಂದ ಮನೆಯವರೊಬ್ಬರ ಫೋನಿಗೆ ಕರೆ ಮಾಡಿ ನೋಡಿ. ಹೋದರೆ, ಹಿರಿಯರನ್ನು ಅಲ್ಲಿಗೆ ಕರೆದೊಯ್ದು ತೋರಿಸಿ. ತುರ್ತಿಗೆ 112 ಎಂಬ ಅಂಕಿಯನ್ನು ಅಲ್ಲಿಯೇ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ. ಹಿಂದೆ ಊರಿನ ಎಸ್‌ಟಿಡಿ ಅಂಕಿ ಬಾಯಿಗೆ ಬರುತ್ತಿದ್ದಂತೆ, ಇದೂ ಮನೆಮಂದಿಗೆಲ್ಲ ಬಾಯಿಗೆ ಬರಲಿ.