ಹತೋಟಿಯಲ್ಲಿರುವ ರೋಗವೂ ರೋಗವೇ: ವಿಮೆಯ ಅರ್ಜಿ ತುಂಬುವ ಮುನ್ನ



ಕಳೆದ ಸುಗ್ಗಿಯ ಹೊತ್ತಿಗೆ ನವಲಗುಂದದ ಕಡೆಯ ರೈತರೊಬ್ಬರು ನನ್ನ ಚಿಕಿತ್ಸಾಲಯಕ್ಕೆ ಬಂದರು. ಆರು ವರ್ಷಗಳಿಂದ ಮಧುಮೇಹಕ್ಕೆ ನನ್ನಲ್ಲಿಯೇ ಔಷಧ ಪಡೆಯುತ್ತಿರುವವರು. ಮಗ ಆರೋಗ್ಯ ವಿಮೆ ಮಾಡಿಸುತ್ತಿರುವುದಾಗಿಯೂ, ಅರ್ಜಿಯಲ್ಲಿ ಯಾವ ರೋಗವೂ ಇಲ್ಲವೆಂದು ಬರೆಯಲು ಏಜೆಂಟರು ಹೇಳಿರುವುದಾಗಿಯೂ ತಿಳಿಸಿ, "ನಾ ಗುಳಿಗಿ ನುಂಗೂದಿಲ್ಲಲ್ರೀ ಡಾಕ್ಟ್ರ, ಬರೇ ಕಷಾಯ. ಅದನ್ಯಾಕ ಬರೀಬೇಕ್ರಿ?" ಎಂದು ಕೇಳಿದರು.

ಈ ತಪ್ಪು ತಿಳಿವಳಿಕೆ ಅನೇಕರಲ್ಲಿದೆ. ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದಂತೆ, ಪಾಲಿಸಿ ಆರಂಭವಾಗುವುದಕ್ಕೆ ಹಿಂದಿನ 36 ತಿಂಗಳೊಳಗೆ ವೈದ್ಯರು ಗುರುತಿಸಿದ ಅಥವಾ ಚಿಕಿತ್ಸೆ ನೀಡಿದ ರೋಗವು 'ಮೊದಲೇ ಇದ್ದ ರೋಗ' ಎನಿಸುತ್ತದೆ. ಇಲ್ಲಿ ವೈದ್ಯರೆಂದರೆ ಅಲೋಪಥಿಯವರಷ್ಟೇ ಅಲ್ಲ, ನೋಂದಾಯಿತ ಆಯುರ್ವೇದ ವೈದ್ಯರೂ ಹೌದು. ಕಷಾಯದಿಂದ ಸಕ್ಕರೆ ಹತೋಟಿಗೆ ಬಂದರೆ ರೋಗವೇ ಹೋಯಿತೆಂದು ತಿಳಿಯಬಾರದು.

ನಿಜ ಬರೆದರೆ ಏನಾದೀತು? ಕಂಪನಿಯು ಕಂತನ್ನು ಹೆಚ್ಚಿಸಬಹುದು; ಅರ್ಜಿಯನ್ನೇ ನಿರಾಕರಿಸಲೂಬಹುದು. ಒಪ್ಪಿಕೊಂಡರೆ ಆ ರೋಗದ ಮಟ್ಟಿಗೆ ಕಾಯುವ ಅವಧಿಯನ್ನು ವಿಧಿಸಬಹುದು. ಈ ಅವಧಿಯ ಗರಿಷ್ಠ ಮಿತಿಯು 2024ರ ಏಪ್ರಿಲ್‌ನಿಂದ 48 ತಿಂಗಳಿಂದ 36 ತಿಂಗಳಿಗೆ ಇಳಿದಿದೆ. ಪಾಲಿಸಿಯನ್ನು ತಪ್ಪದೆ ನವೀಕರಿಸುತ್ತ ಬಂದವರಿಗೆ ಅಲ್ಲಿಂದ ಮುಂದೆ ಆ ರೋಗಕ್ಕೂ ರಕ್ಷಣೆ ದೊರೆಯುತ್ತದೆ.

ಮುಚ್ಚಿಟ್ಟರೆ? ಆಸ್ಪತ್ರೆಗೆ ಸೇರಿದ ದಿನ ಮನೆಯವರು ಇದ್ದುದನ್ನು ಇದ್ದಂತೆಯೇ ವೈದ್ಯರಿಗೆ ಹೇಳುತ್ತಾರೆ. ಹೇಳಲೇಬೇಕು, ಪ್ರಾಣದ ಪ್ರಶ್ನೆ. ಆ ಮಾತು ಡಿಸ್ಚಾರ್ಜ್ ಪತ್ರದಲ್ಲಿ ದಾಖಲಾಗುತ್ತದೆ. ಅರ್ಜಿಯಲ್ಲಿರುವುದು ಅದಕ್ಕೆ ತಾಳೆಯಾಗದಿದ್ದರೆ ಕ್ಲೇಮು ತಿರಸ್ಕೃತವಾಗಬಹುದು, ಪಾಲಿಸಿಯೂ ರದ್ದಾಗಬಹುದು. ಆಗ ಹೊಲ ಒತ್ತೆಯಿಟ್ಟು ಬಿಲ್ಲು ತೀರಿಸಬೇಕಾಗುತ್ತದೆ. 60 ತಿಂಗಳು ನಿರಂತರವಾಗಿ ನಡೆದ ಪಾಲಿಸಿಯಲ್ಲಿ ಮಾಹಿತಿ ಕೊಡಲಿಲ್ಲವೆಂದು ಕಂಪನಿ ತಕರಾರು ಎತ್ತುವಂತಿಲ್ಲವೆಂಬುದು ನಿಜ. ಆದರೆ ವಂಚನೆ ಸಾಬೀತಾದರೆ ಆ ಆಸರೆಯೂ ಇಲ್ಲ.

ಖಾಸಗಿ ವಿಮೆ ದೊರೆಯದವರು ಎದೆಗುಂದಬೇಕಾಗಿಲ್ಲ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಗೆ ಹಳೆಯ ರೋಗ ಅಡ್ಡಿಯಲ್ಲ, ಕಾಯುವ ಅವಧಿಯೂ ಇಲ್ಲ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಲಭ್ಯ. ಉಳಿದವರಿಗೆ ಚಿಕಿತ್ಸಾ ವೆಚ್ಚದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ತುರ್ತು ಸಂದರ್ಭವಲ್ಲದಿದ್ದರೆ ಮೊದಲು ಸರಕಾರಿ ಆಸ್ಪತ್ರೆಗೆ ಹೋಗಬೇಕು. ಸಹಕಾರ ಸಂಘಗಳ ಸದಸ್ಯರಿಗೆ ಯಶಸ್ವಿನಿ ಯೋಜನೆಯೂ 2023ರಿಂದ ಮತ್ತೆ ನಡೆಯುತ್ತಿದೆ. ಅದರ ನೋಂದಣಿಗೆ ಗೊತ್ತಾದ ಅವಧಿಯಿರುವುದರಿಂದ ಸಂಘದಲ್ಲಿ ಮೊದಲೇ ವಿಚಾರಿಸಿಕೊಳ್ಳಿರಿ.

ಆ ರೈತರ ಅರ್ಜಿಯೊಡನೆ ಆರು ವರ್ಷಗಳ ನನ್ನ ಚೀಟಿಗಳನ್ನೂ ಇಡಿಸಿದೆನು. ಕಂತು ತುಸು ಹೆಚ್ಚಾಯಿತು, ಪಾಲಿಸಿ ದೊರೆಯಿತು. ಅರ್ಜಿಯನ್ನು ಯಾರೇ ತುಂಬಲಿ, ಸಹಿ ನಿಮ್ಮದು. ಮನೆಯಲ್ಲಿ ಅಕ್ಷರ ಬಲ್ಲವರಿಂದ ಪ್ರತಿಯೊಂದು ಪ್ರಶ್ನೆಯನ್ನೂ ಓದಿಸಿ ಕೇಳಿಯೇ ಸಹಿ ಮಾಡಿರಿ. ಅದರ ಒಂದು ಪ್ರತಿಯನ್ನು ವೈದ್ಯರ ಚೀಟಿಗಳೊಡನೆ ಜೋಪಾನವಾಗಿಡಿರಿ.