ಚೆಂಡು ಬರೋಕ್ಕೆ ಮುಂಚೆ ನೋಡಿ: ಪಾಸ್ ಕೊಡೋದು ಕೈಯಲ್ಲ, ಕಣ್ಣು

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗಾಗಿ ಈ ವಾರದ ಮಾತಿನ ಬರಹ ರೂಪ ಇಲ್ಲಿದೆ.

ಬೆಂಗಳೂರಿಂದ ರೈಲಲ್ಲಿ ಬಂದು ಚೆನ್ನೈ ಸೆಂಟ್ರಲ್‌ನಲ್ಲಿ ಇಳಿಯೋ ನಮ್ಮಂಥವರಿಗೆ ಎಗ್ಮೋರ್ ಅಂದ್ರೆ ಮೆಟ್ರೋದಲ್ಲಿ ಮುಂದಿನ ಒಂದು ಸ್ಟೇಷನ್, ಅಷ್ಟೇ. ಹಾಕಿ ನೋಡುವವರಿಗೆ ಮಾತ್ರ ಎಗ್ಮೋರ್ ಅಂದ್ರೆ ಮೇಯರ್ ರಾಧಾಕೃಷ್ಣನ್ ಸ್ಟೇಡಿಯಂ. 2007ರ ಏಷ್ಯಾ ಕಪ್ ಫೈನಲ್‌ನಲ್ಲಿ ಭಾರತ ದಕ್ಷಿಣ ಕೊರಿಯಾವನ್ನು 7-2ರಿಂದ ಸೋಲಿಸಿದ್ದು ಇಲ್ಲೇ. 2023ರ ಆಗಸ್ಟ್ 12ರಂದು ಏಷ್ಯನ್ ಚಾಂಪಿಯನ್ಸ್ ಟ್ರೋಫಿ ಫೈನಲ್‌ನಲ್ಲಿ ಮಲೇಷ್ಯಾ ಎದುರು ಅರ್ಧ ಆಟಕ್ಕೆ 1-3 ಹಿಂದೆ ಬಿದ್ದಿದ್ದವರು ಕೊನೆಗೆ 4-3ರಿಂದ ಗೆದ್ದಿದ್ದೂ ಇಲ್ಲೇ.

ನಮ್ಮಲ್ಲಿ ಎಷ್ಟೋ ಜನರ ಮಕ್ಕಳು ಈಗ ಇಲ್ಲಿ ಹಾಕಿ ಕಲೀತಿದ್ದಾರೆ. ಟೊರಾಂಟೋ ಕಡೆ ಹೋದ ಸ್ನೇಹಿತರ ಮಕ್ಕಳು ಐಸ್ ಹಾಕಿ ಕಲೀತಿದ್ದಾರೆ. ಎರಡೂ ಕಡೆ ಅಪ್ಪ-ಅಮ್ಮಂದಿರ ಪ್ರಶ್ನೆ ಒಂದೇ: "ಚೆಂಡು ಸಿಕ್ಕಿದ ಮೇಲೆ ಮಗು ಏನು ಮಾಡ್ಬೇಕು?" ನನ್ನ ಉತ್ತರ ಇಷ್ಟು: ಚೆಂಡು ಸಿಕ್ಕಿದ ಮೇಲೆ ಯೋಚನೆ ಶುರು ಮಾಡಿದ್ರೆ ತಡ ಆಯ್ತು ಅಂತಲೇ ಲೆಕ್ಕ. ಒಳ್ಳೆ ಪಾಸಿನ ಮುಕ್ಕಾಲು ಪಾಲು ಕೆಲಸ ಚೆಂಡು ಬರೋ ಮುಂಚೆಯೇ ಮುಗಿದಿರುತ್ತೆ.

ಕೋಲು ಹಿಡಿಯೋದು ತಲೆ ಎತ್ತೋದಕ್ಕೆ

ಮೊದಲು ಚೆಂಡಿನ ಹಿಡಿತ. ಫೀಲ್ಡ್ ಹಾಕಿಯಲ್ಲಿ ಕೋಲಿನ ಚಪ್ಪಟೆ ಮುಖದಿಂದ ಮಾತ್ರ ಆಡಬೇಕು, ಹಿಂದಿನ ಉಬ್ಬು ಭಾಗದಿಂದ ಆಡೋ ಹಾಗಿಲ್ಲ. ಹಾಗಾಗಿ ಚೆಂಡನ್ನು ಎಡಕ್ಕೂ ಬಲಕ್ಕೂ ಆಡಿಸ್ಬೇಕಾದ್ರೆ ಕೋಲನ್ನು ತಿರುಗಿಸ್ತಾನೇ ಇರಬೇಕು. ತಿರುಗಿಸೋದು ಮೇಲಿರೋ ಎಡಗೈ. ಬಲಗೈ ಸಡಿಲವಾಗಿ ಆಸರೆ ಕೊಡುತ್ತೆ. ಐಸ್ ಹಾಕಿಯಲ್ಲಿ ಕೋಲಿನ ಎರಡೂ ಮುಖ ಬಳಸಬಹುದು, ಆದರೆ ಕಾಲಡಿ ಮಂಜುಗಡ್ಡೆ ಇರುತ್ತೆ. ತೂಕದಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ: ಹಾಕಿ ಚೆಂಡು 156ರಿಂದ 163 ಗ್ರಾಂ, ಪಕ್ ಸುಮಾರು 156ರಿಂದ 170 ಗ್ರಾಂ.

ಎರಡು ಆಟದಲ್ಲೂ ಈ ಅಭ್ಯಾಸದ ಉದ್ದೇಶ ಚಮತ್ಕಾರ ತೋರಿಸೋದಲ್ಲ, ತಲೆ ಎತ್ತೋದು. ಚೆಂಡು ಕಾಲ ಬುಡದಲ್ಲೇ ಇದ್ರೆ ಕಣ್ಣೂ ಅಲ್ಲೇ ಇರುತ್ತೆ. ಅದೇ ಚೆಂಡು ದೇಹದಿಂದ ಸ್ವಲ್ಪ ಮುಂದೆ, ಬಲಗಡೆ ಇದ್ರೆ, ಅದು ಕಣ್ಣಂಚಲ್ಲಿ ಕಾಣ್ತಾ ಇರುತ್ತೆ, ಮೈದಾನವೂ ಕಾಣುತ್ತೆ. ದಿನಾ ಹತ್ತು ನಿಮಿಷ ಚೆಂಡು ಆಡಿಸ್ತಾ ಇರೋ ಮಗುವಿನ ಎದುರು ನಿಂತು ಕೈಬೆರಳು ತೋರಿಸಿ, "ಎಷ್ಟು?" ಅಂತ ಕೇಳಿ. ಸರಿಯಾಗಿ ಹೇಳೋಕೆ ಶುರು ಮಾಡಿದ್ರೆ ಅರ್ಧ ಗೆದ್ದ ಹಾಗೆ.

ಒಂದು ಸೆಕೆಂಡಿನ ಲೆಕ್ಕ

ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರೋ ಚೆಂಡು 20 ಮೀಟರ್ ದಾಟೋಕೆ ಸುಮಾರು 1.2 ಸೆಕೆಂಡ್ ಬೇಕು. ಹೊಸಬರು ಆ ಪೂರ್ತಿ ಹೊತ್ತು ಚೆಂಡನ್ನೇ ನೋಡ್ತಾರೆ. ನುರಿತವರು ಚೆಂಡು ಹೊರಟಿದ್ದನ್ನು ನೋಡಿ, ಭುಜದ ಮೇಲಿಂದ ಹಿಂದೆ ಒಮ್ಮೆ ಕಣ್ಣು ಹಾಯಿಸಿ, ಮತ್ತೆ ಚೆಂಡಿಗೆ ಬರ್ತಾರೆ. ಅಷ್ಟರಲ್ಲಿ ಎರಡು ವಿಷಯ ಗೊತ್ತಾಗಿರುತ್ತೆ: ಎದುರಾಳಿ ಯಾವ ಕಡೆಯಿಂದ ಬರ್ತಿದ್ದಾನೆ, ನಮ್ಮವರು ಯಾರು ಖಾಲಿ ಇದ್ದಾರೆ.

ನಿಲ್ಲೋ ರೀತಿಯೂ ಮುಖ್ಯ. ಪಾಸ್ ಕೊಡುವವನಿಗೆ ನೇರ ಮುಖ ಮಾಡಿ ನಿಂತ್ರೆ ಬೆನ್ನ ಹಿಂದಿನ ಅರ್ಧ ಮೈದಾನ ಕಾಣೋದೇ ಇಲ್ಲ. ದೇಹ ಓರೆಯಾಗಿದ್ರೆ ಚೆಂಡು ಬರೋ ದಿಕ್ಕೂ ಕಾಣುತ್ತೆ, ಹೋಗಬೇಕಾದ ದಿಕ್ಕೂ ಕಾಣುತ್ತೆ. ಮೊದಲ ಸ್ಪರ್ಶ ಎದುರಾಳಿಯಿಂದ ದೂರಕ್ಕೆ ಇರಲಿ. ಚೆಂಡು ನಿಲ್ಲೋ ಜಾಗದಿಂದಲೇ ಮುಂದಿನ ಪಾಸ್ ಹೊರಡೋ ಹಾಗಿರಲಿ.

ಐಸ್ ಹಾಕಿಯಲ್ಲಿ ಇದು ಇನ್ನೂ ಬಿಗಿ. ಫೀಲ್ಡ್ ಹಾಕಿ ಮೈದಾನ 91.4 ಮೀಟರ್ ಉದ್ದ, 55 ಮೀಟರ್ ಅಗಲ. ಆಡುವವರು 22 ಜನ. ಉತ್ತರ ಅಮೆರಿಕದ ರಿಂಕ್ ಸುಮಾರು 61 ಮೀಟರ್ ಉದ್ದ, 26 ಮೀಟರ್ ಅಗಲ. ಆಡುವವರು ಗೋಲಿಗಳೂ ಸೇರಿ 12 ಜನ. ಹಂಚಿ ನೋಡಿದ್ರೆ ಇಲ್ಲಿ ಒಬ್ಬರ ಪಾಲಿಗೆ ಸುಮಾರು 230 ಚದರ ಮೀಟರ್, ಅಲ್ಲಿ 130. ಅದರ ಬದಲು ಅಲ್ಲಿನವರಿಗೆ ಗೋಡೆಯ ಸಹಾಯ ಇದೆ: ಪಕ್ಕದ ಹಲಗೆಗೆ ಪಕ್ ತಾಗಿಸಿ ಜೊತೆಗಾರನಿಗೆ ತಲುಪಿಸಬಹುದು.

ಖಾಲಿ ಅಂದ್ರೆ ಏನು?

ಸುತ್ತ ಯಾರೂ ಇಲ್ಲದವನು ಖಾಲಿ ಅಂತ ನಾವು ಅಂದ್ಕೋತೀವಿ. ಅದು ತಪ್ಪು ಲೆಕ್ಕ. ನಿಮ್ಮ ಚೆಂಡಿಂದ ಅವನ ಕೋಲಿನ ತನಕ ಒಂದು ಗೆರೆ ಎಳೀರಿ. ಆ ಗೆರೆಯನ್ನು ಯಾವ ಎದುರಾಳಿಯ ಕೋಲೂ ಮುಟ್ಟದಿದ್ರೆ ಮಾತ್ರ ಅವನು ಖಾಲಿ. ಹತ್ತು ಮೀಟರ್ ಸುತ್ತ ಯಾರೂ ಇಲ್ಲದೇ ಇದ್ರೂ, ಗೆರೆ ಮಧ್ಯೆ ಒಂದು ಕೋಲಿದ್ರೆ ಅವನು ಮುಚ್ಚಿಹೋದ ಹಾಗೆ. ಆದರೆ ಅವನೇ ಎರಡು ಹೆಜ್ಜೆ ಪಕ್ಕಕ್ಕೆ ಸರಿದ್ರೆ ಸಾಕು, ಗೆರೆ ತೆರೆಯುತ್ತೆ. ಅಂದ್ರೆ ಪಾಸನ್ನು ಅರ್ಧ ಕೊಡುವವನು ಮಾಡ್ತಾನೆ, ಇನ್ನರ್ಧ ತಗೊಳ್ಳುವವನು ಮಾಡ್ತಾನೆ.

ಕೊಡುವವನ ಕೈಲೂ ಒಂದು ಉಪಾಯ ಇದೆ. ಎದುರಾಳಿ ಹತ್ರ ಬರೋ ತನಕ ಚೆಂಡು ಇಟ್ಕೊಂಡು, ಅವನು ಪೂರ್ತಿ ನಿಮ್ಮ ಕಡೆ ವಾಲಿದ ಕ್ಷಣದಲ್ಲಿ ಬಿಡೋದು. ಆಗ ಅವನು ಕಾಯ್ತಿದ್ದ ಆಟಗಾರ ಖಾಲಿ ಆಗ್ತಾನೆ. ಡ್ರಿಬ್ಲಿಂಗ್‌ನ ನಿಜವಾದ ಉಪಯೋಗ ಇದೇ. ಇನ್ನು ಪಾಸ್ ಜೊತೆಗಾರನ ಕಾಲಿಗಲ್ಲ, ಅವನು ಓಡ್ತಿರೋ ದಾರಿಗೆ ಹೋಗ್ಬೇಕು, ಸಾಧ್ಯವಾದಷ್ಟು ಅವನ ಬಲ ಮುಂಭಾಗಕ್ಕೆ.

ಹುಲ್ಲಿಂದ ಟರ್ಫ್‌ಗೆ

ನಮ್ಮ ದೇಶ ಈ ಪಾಠವನ್ನು ಕಷ್ಟಪಟ್ಟು ಕಲೀತು. ಉಬ್ಬುತಗ್ಗಿನ ಹುಲ್ಲಿನ ಮೇಲೆ ಚೆಂಡು ಪುಟಿಯುತ್ತೆ. ಅಲ್ಲಿ ಕೋಲಿನ ಚಳಕಕ್ಕೆ ಬೆಲೆ. ಟರ್ಫ್ ಮೇಲೆ ಚೆಂಡು ನೇರ, ವೇಗವಾಗಿ ಓಡುತ್ತೆ. ದೂರದ ಪಾಸ್ ಕೊಡುವವರಿಗೆ ಲಾಭ. ಒಲಿಂಪಿಕ್ಸ್ ಹಾಕಿ ಮೊದಲ ಸಲ ಟರ್ಫ್ ಮೇಲೆ ನಡೆದ 1976ರ ಮಾಂಟ್ರಿಯಲ್‌ನಲ್ಲಿ ಭಾರತಕ್ಕೆ ಸಿಕ್ಕಿದ್ದು ಏಳನೇ ಸ್ಥಾನ. ನಾಲ್ಕು ವರ್ಷದ ನಂತರ ಮಾಸ್ಕೋದಲ್ಲಿ, ಬಹಿಷ್ಕಾರದಿಂದ ದೊಡ್ಡ ದೊಡ್ಡ ತಂಡಗಳು ಬಾರದ ಕೂಟದಲ್ಲಿ, ಸ್ಪೇನ್ ಎದುರು 4-3ರಿಂದ ಚಿನ್ನ ಬಂತು. ನಾಯಕ ತಮಿಳುನಾಡಿನ ವಿ. ಭಾಸ್ಕರನ್, ತಂಡದಲ್ಲಿ ನಮ್ಮ ಕೊಡಗಿನ ಎಂ.ಎಂ. ಸೋಮಯ್ಯ ಇದ್ರು. 1998ರಿಂದ ಫೀಲ್ಡ್ ಹಾಕಿಯಲ್ಲಿ ಆಫ್‌ಸೈಡ್ ನಿಯಮವೇ ಇಲ್ಲ. ಮುಂದಾಳು ಎಲ್ಲಿ ಬೇಕಾದ್ರೂ ನಿಲ್ಲಬಹುದು ಅಂದ ಮೇಲೆ, ದೂರ ನೋಡೋ ಕಣ್ಣಿಗೆ ಬೆಲೆ ಇನ್ನೂ ಹೆಚ್ಚಾಯ್ತು. ಐಸ್ ಹಾಕಿಯಲ್ಲಿ ಆ ನಿಯಮ ಈಗಲೂ ಇದೆ: ಪಕ್‌ಗಿಂತ ಮೊದಲು ನೀಲಿ ಗೆರೆ ದಾಟಿ ಹೋಗಿ ಕಾಯೋ ಹಾಗಿಲ್ಲ.

ಐಸ್ ಹಾಕಿಯ ಒಂದು ಅಂಕಿ ನೆನಪಿಡಿ. ವೇಯ್ನ್ ಗ್ರೆಟ್ಸ್‌ಕಿ ಎನ್‌ಎಚ್‌ಎಲ್‌ನಲ್ಲಿ ಹೊಡೆದ ಗೋಲು 894, ಬೇರೆಯವರ ಗೋಲಿಗೆ ನೆರವಾದ ಅಸಿಸ್ಟ್ 1,963. ಗೋಲಿನ ದಾಖಲೆಯನ್ನು 2025ರ ಏಪ್ರಿಲ್‌ನಲ್ಲಿ ಅಲೆಕ್ಸಾಂಡರ್ ಒವೆಚ್ಕಿನ್ ಮುರಿದರು. ಅಸಿಸ್ಟ್ ದಾಖಲೆಯ ಹತ್ತಿರ ಯಾರೂ ಸುಳಿದಿಲ್ಲ. ಅಲ್ಲಿ ಗೋಲು ಹೊಡೆದವರಿಗೂ ಅಸಿಸ್ಟ್ ಕೊಟ್ಟವರಿಗೂ ಒಂದೊಂದೇ ಪಾಯಿಂಟ್. ಪಾಸಿಗೆ ಗೌರವ ಲೆಕ್ಕದಲ್ಲೇ ಇದೆ.

ಮಗುವಿಗೆ ಏನು ಕೇಳ್ತೀರಿ?

ಕೊಡವರ ಕೌಟುಂಬಿಕ ಹಾಕಿ ಉತ್ಸವವನ್ನು ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ 60 ಕುಟುಂಬಗಳಿಂದ ಶುರು ಮಾಡಿದ್ರು. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳು ಆಡಿದವು. ಅಲ್ಲಿ ವಯಸ್ಸಾದವರೂ ಹೆಣ್ಣುಮಕ್ಕಳೂ ಹುಡುಗರೂ ಒಂದೇ ಮನೆ ಹೆಸರಲ್ಲಿ ಇಳೀತಾರೆ. ಎಲ್ಲರ ಕಾಲಿಗೂ ಒಂದೇ ವೇಗ ಇರಲ್ಲ. ಓಡೋಕಾಗದ ದೊಡ್ಡಪ್ಪನೂ ಆಟದಲ್ಲಿ ಇರಬೇಕಂದ್ರೆ ದಾರಿ ಒಂದೇ: ಯಾರಾದ್ರೂ ಅವರನ್ನು ನೋಡಿ ಪಾಸ್ ಕೊಡಬೇಕು, ಅವರೂ ಸರಿಯಾದ ಜಾಗದಲ್ಲಿ ನಿಲ್ಲಬೇಕು.

ನಮ್ಮ ಮಕ್ಕಳ ಕೋಚಿಂಗ್ ಮೈದಾನದಲ್ಲಿ ಆಗೋದೇ ಬೇರೆ. ಗೆರೆ ಆಚೆ ನಿಂತ ಅಪ್ಪಂದಿರು "ನೀನೇ ಹೊಡಿ, ನೀನೇ ಹೊಡಿ!" ಅಂತ ಕೂಗ್ತಾರೆ. ಕಾಲು ಚುರುಕಿರೋ ಒಂದು ಮಗು ಚೆಂಡು ತಗೊಂಡು ಓಡುತ್ತೆ. ಐದಾರು ಸಲ ಖಾಲಿ ನಿಂತೂ ಪಾಸ್ ಸಿಗದ ಇನ್ನೊಂದು ಮಗು ಓಡೋದನ್ನೇ ನಿಲ್ಲಿಸಿಬಿಡುತ್ತೆ. ಹೊಸ ಊರಲ್ಲಿ, ಭಾಷೆ ಸರಿಯಾಗಿ ಬರದ ತಂಡದಲ್ಲಿ, ಆ ಎರಡನೇ ಮಗು ನಮ್ಮದೇ ಆಗಿರಬಹುದು. ಮನೆಗೆ ಬಂದಾಗ "ಎಷ್ಟು ಗೋಲು?" ಅಂತ ಕೇಳೋ ಬದಲು "ಇವತ್ತು ಯಾರಿಗೆ ಪಾಸ್ ಕೊಟ್ಟೆ? ಅವನು ಖಾಲಿ ಇದ್ದದ್ದು ಹೇಗೆ ಗೊತ್ತಾಯ್ತು?" ಅಂತ ಕೇಳಿ. ನಾವು ಏನು ಕೇಳ್ತೀವೋ ಮಕ್ಕಳು ಅದನ್ನೇ ಎಣಿಸೋಕೆ ಕಲೀತಾರೆ.

ಮುಂದಿನ ಸಲ ಎಗ್ಮೋರ್‌ನಲ್ಲಿ ಪಂದ್ಯ ಇದ್ದಾಗ ಮಕ್ಕಳನ್ನು ಕರ್ಕೊಂಡು ಹೋಗಿ. ಐದು ನಿಮಿಷ ಚೆಂಡನ್ನು ಬಿಟ್ಟು, ಚೆಂಡಿಲ್ಲದ ಒಬ್ಬ ಮಿಡ್‌ಫೀಲ್ಡರ್‌ನನ್ನು ಮಾತ್ರ ನೋಡಿ. ಅವನು ಎಷ್ಟು ಸಲ ಕತ್ತು ತಿರುಗಿಸ್ತಾನೆ, ಅಂತ ಮಕ್ಕಳ ಜೊತೆ ಕೂತು ಎಣಿಸಿ.