ಬಜಪೆ ಸುತ್ತಿನ ತೋಟಗಳೂ ಡ್ರೋನ್ ಸಿಂಪಡಣೆಯೂ

ಕೊಳೆರೋಗಕ್ಕೆ ಮದ್ದು ಬಿಡಲು ಮರ ಹತ್ತುವವರು ಸಿಗದ ಈ ಕಾಲದಲ್ಲಿ ಸದಸ್ಯ ಬಂಧುಗಳು ಬಾಡಿಗೆ ಡ್ರೋನಿನತ್ತ ತಿರುಗಿರುವುದು ಸಹಜವೇ. ಆದರೆ ಬಜಪೆ, ಗುರುಪುರ ಕಡೆಯ ಕೃಷಿಕರು ಒಂದು ವಿಷಯ ತಿಳಿದಿರಬೇಕು. 2021ರ ಡ್ರೋನ್ ನಿಯಮಗಳ ಪ್ರಕಾರ ವಿಮಾನ ನಿಲ್ದಾಣದ ಗಡಿಯಿಂದ 8 ಕಿಲೋಮೀಟರಿನೊಳಗೆ ನೆಲಮಟ್ಟದಿಂದಲೇ ಅನುಮತಿ ಬೇಕು. 8ರಿಂದ 12 ಕಿಲೋಮೀಟರಿನವರೆಗೆ 200 ಅಡಿ, ಅದರಾಚೆ ಸಾಮಾನ್ಯವಾಗಿ 400 ಅಡಿವರೆಗೆ ಅನುಮತಿಯಿಲ್ಲದೆ ಹಾರಿಸಬಹುದು.

"ನಮ್ಮ ಅಡಿಕೆ ಮರ 60 ಅಡಿ, ವಿಮಾನಕ್ಕೇನು ತೊಂದರೆ?" ಎಂದು ಕೇಳುವವರಿದ್ದಾರೆ. ಇಳಿಯುವ ವಿಮಾನ ಸಾಮಾನ್ಯವಾಗಿ ಕಿಲೋಮೀಟರಿಗೆ ಸುಮಾರು 52 ಮೀಟರಿನಂತೆ ಕೆಳಗಿಳಿಯುತ್ತದೆ. ನೆಲ ಮುಟ್ಟಲು 2 ಕಿಲೋಮೀಟರ್ ಇರುವಾಗ ಅದು ರನ್‌ವೇಗಿಂತ ಸುಮಾರು 100 ಮೀಟರಷ್ಟೇ ಮೇಲಿರುತ್ತದೆ. ಹಿಡಿತ ತಪ್ಪಿದ ಡ್ರೋನಿಗೆ ಅದೇನೂ ದೊಡ್ಡ ಎತ್ತರವಲ್ಲ. ಆದರೂ 7 ಕಿಲೋಮೀಟರ್ ದೂರದ, ಗುಡ್ಡದ ಮರೆಯ ತೋಟಕ್ಕೂ ಇದೇ ಕಟ್ಟು ಎಂಬುದು ನಮಗೂ ಸ್ವಲ್ಪ ಬಿಗಿಯೆಂದೇ ತೋರುತ್ತದೆ.

ಮಳೆಗೆ ಮುಂಚಿನ ಸಿಂಪಡಣೆ ತಪ್ಪಿದರೆ ಏನಾಗುವುದೆಂದು ಹೇಳಬೇಕಾಗಿಲ್ಲ. ಆದುದರಿಂದ ಏಪ್ರಿಲಿನಲ್ಲೇ ನಕ್ಷೆ ನೋಡಿಸಿರಿ. ಹಳದಿ ವಲಯವಾದರೆ ವಿಮಾನ ಸಂಚಾರ ನಿಯಂತ್ರಣದವರ, ಕೆಂಪಾದರೆ ಕೇಂದ್ರ ಸರಕಾರದ ಅನುಮತಿ ಬೇಕು. ಬಾಡಿಗೆಯವರು ಬಂದಾಗ ಡ್ರೋನಿನ ನೋಂದಣಿ ಸಂಖ್ಯೆ, ಹಾರಿಸುವವರ ಪೈಲಟ್ ಪ್ರಮಾಣಪತ್ರ ಎರಡನ್ನೂ ಕೇಳಿ ನೋಡಿರಿ. ನಿಯಮ ಮೀರಿದರೆ ದಂಡ 1 ಲಕ್ಷ ರೂಪಾಯಿವರೆಗೆ.